ಭಾವನ ಕಾರಿನ ಹಿಂದಿನ ಆಕ್ಸಲ್

ಬಳ್ಳಾರಿಯ ಗಾಂಧಿನಗರದಲ್ಲಿರುವ ನನ್ನ ಔಷಧಿ ಅಂಗಡಿಗೆ ನೀವು ಎಂದಾದರೂ ಬಂದರೆ, ಗಲ್ಲಾಪೆಟ್ಟಿಗೆಯ ಮೇಲೆ ಪೇಪರು ಫ್ಯಾನಿನ ಗಾಳಿಗೆ ಹಾರದಂತೆ ಇಟ್ಟಿರುವ ಕಬ್ಬಿಣದ ತುಂಡೊಂದು ಕಾಣುತ್ತದೆ. ಪ್ಲಸ್ ಆಕಾರದ್ದು, ಒಂದು ತೋಳು ಮುರಿದಿದೆ. ಔಷಧಿ ಅಂಗಡಿಯಲ್ಲಿ ಪ್ಲಸ್ ಇರುವುದು ಸಹಜವಾದ್ದರಿಂದ ಬಹಳ ಜನ ಅದರತ್ತ ನೋಡುವುದಿಲ್ಲ. ನೋಡಿದ ಒಬ್ಬ ಹಿರಿಯರು ಮಾತ್ರ, "ಏನ್ರಿ, ನಿಮ್ಮ ಗುರ್ತೇ ಮುರದು ಬಿದ್ದೈತಿ, ಗುಳಿಗಿ ಆದ್ರೂ ನೆಟ್ಟಗ ಅದಾವೋ ಇಲ್ಲೋ?" ಎಂದು ಕೇಳಿ, ತಮ್ಮ ಬಿಪಿ ಮಾತ್ರೆಯ ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಅದೇ ಮಾತ್ರೆಯನ್ನು ನಾನೂ ತೆಗೆದುಕೊಳ್ಳುತ್ತೇನೆ ಎಂದು ಅವರಿಗೆ ಧೈರ್ಯ ಹೇಳಿದೆ. ಈ ಮಾತ್ರೆ ನನಗೆ ಯಾಕೆ ಶುರುವಾಯಿತು ಎಂಬುದನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಆ ಕಬ್ಬಿಣ ನನ್ನ ಅಕ್ಕ ಸರ್ವಮಂಗಳೆಯ ಕಾರಿನ ಹೊಟ್ಟೆಯೊಳಗಿಂದ ಬಂದದ್ದು. ಕಾರು ಅಸಲಿಗೆ ಭಾವನದು.

ಅಕ್ಕನ ಮದುವೆಯಾದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಆ ಮದುವೆಯಲ್ಲಿ ನನಗೆ ಹಿಡಿಸಿದ್ದು ಭಾವನಲ್ಲ, ಭಾವನ ಅಂಬಾಸಿಡರ್. ಗುಂಡು ದೀಪಗಳ, ಡೊಳ್ಳು ಹೊಟ್ಟೆಯ ಹಳೆಯ ಕಾಲದ ಕಾರು. ಭಾವನ ಮನೆ ತೆಕ್ಕಲಕೋಟೆಯಲ್ಲಿ, ಅಕ್ಕಿಯ ವ್ಯಾಪಾರ ಸಿರುಗುಪ್ಪದಲ್ಲಿ. ದಿನವೂ ಆ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಹೀಗಾಗಿ ಅದರೊಳಗೆ ಕೂತರೆ ಹೊಸ ಅಕ್ಕಿಯ ಧೂಳು, ಪೆಟ್ರೋಲು, ಬಿಸಿಲಿಗೆ ಕಾದ ರೆಕ್ಸಿನ್ನು, ಮೂರೂ ಸೇರಿದ ಒಂದು ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ. ಆ ಸೀಟಿನಿಂದ ನನ್ನ ಬರಿ ತೊಡೆಗಳನ್ನು ಬಿಡಿಸಿಕೊಳ್ಳುವಾಗ ಚರ್ರೆಂದು ಸದ್ದಾಗುತ್ತಿತ್ತು. ಆದರೂ ರಜೆ ಬಂತೆಂದರೆ ಬಳ್ಳಾರಿಯಿಂದ ಓಡುತ್ತಿದ್ದೆ, ಅಕ್ಕನನ್ನು ನೋಡುವ ನೆವದಲ್ಲಿ.

ಮೊದಲ ಬೇಸಿಗೆ ರಾಜಯೋಗ. ಕಾಲುವೆಯ ಸೇತುವೆ ಬಂದರೂ, ಕುರುಗೋಡಿನ ಗುಡ್ಡದ ಏರು ಬಂದರೂ ಕೂತಲ್ಲೇ ಕೂತಿರುತ್ತಿದ್ದೆವು. ಮರುವರ್ಷ ಹೋದಾಗ ಅಕ್ಕನ ತೊಡೆಯ ಮೇಲೆ ಕೂಸು ಗಿರಿಜಾ ಇದ್ದಳು. ಕಾರಿಗೆ ಹೊಸ ಬಣ್ಣ ಬಂದಿತ್ತು. ಅದರ ಜೊತೆಗೆ ಒಂದು ಹೊಸ ಕಾನೂನೂ ಬಂದಿತ್ತು.

"ಏರು ಬಂತು, ಇಳೀರಿ. ಹಿಂದಿನ ಆಕ್ಸಲ್ ತಡಿಯಂಗಿಲ್ಲ."

ಭಾವ ಹೆಚ್ಚು ಮಾತಿನವರಲ್ಲ. ಇಷ್ಟು ಹೇಳಿ ಕಾರು ನಿಲ್ಲಿಸಿ, ಮುಂದೆ ನೋಡುತ್ತಾ ಕೂರುತ್ತಿದ್ದರು. ಅಕ್ಕ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿಯಬೇಕು, ಅವಳ ಹಿಂದೆ ನಾನು. ಭಾವ ಒಬ್ಬರೇ ಗುರುಗುಟ್ಟುವ ಕಾರನ್ನು ಏರಿಸಿಕೊಂಡು ಹೋಗಿ ಮೇಲೆ ನಿಲ್ಲುತ್ತಿದ್ದರು. ನಾವು ನಡೆದು ಹೋಗಿ ಹತ್ತುತ್ತಿದ್ದೆವು. ಸಿರುಗುಪ್ಪ ಸೀಮೆ ನೀರಾವರಿಯ ಸೀಮೆ. ಅಲ್ಲಿ ಕಾಲುವೆಗಳಿಗೆ ಬರವಿಲ್ಲ, ಕಾಲುವೆ ಇದ್ದಲ್ಲಿ ಸೇತುವೆ, ಸೇತುವೆ ಇದ್ದಲ್ಲಿ ಏರು. ಕೆಂಚನಗುಡ್ಡಕ್ಕೆ ಹೊಳೆ ನೋಡಲು ಹೊರಟರೆ ಅರ್ಧ ದಾರಿ ನಡಿಗೆಯೇ ಆಗುತ್ತಿತ್ತು. ಕುರುಗೋಡಿನ ಏರಂತೂ ಉದ್ದ. ಹತ್ತಿ ಮುಗಿಸುವಷ್ಟರಲ್ಲಿ, ಪೊಟ್ಟಣದಲ್ಲಿ ಕಟ್ಟಿಸಿಕೊಂಡ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ಮೆತ್ತಗಾಗಿ, ಅದರ ಎಣ್ಣೆ ನನ್ನ ಅಂಗಿಗೆ ಇಳಿದಿರುತ್ತಿತ್ತು. ಮೇಲೆ ಮುಟ್ಟಿದಾಗ ಭಾವ ಒಮ್ಮೆ ಇಳಿದು, ಬಗ್ಗಿ, ಹಿಂದಿನ ಗಾಲಿಯ ಹತ್ತಿರ ಏನೋ ನೋಡಿ ಮತ್ತೆ ಕೂರುತ್ತಿದ್ದರು. ಹೆಂಡತಿಗೆ ಸುಸ್ತಾಯಿತೇ ಎಂದು ಕೇಳಿದ್ದು ನನಗೆ ನೆನಪಿಲ್ಲ.

ಆಕ್ಸಲ್ ಎಂದರೇನೆಂದು ಆಗ ನನಗೆ ಗೊತ್ತಿರಲಿಲ್ಲ. ಅದೊಂದು ಜೀವಂತ ಪ್ರಾಣಿ, ಕಾರಿನ ಕೆಳಗೆ ಮಲಗಿರುತ್ತದೆ, ನಾವು ಕೂತರೆ ಅದಕ್ಕೆ ನೋವಾಗುತ್ತದೆ ಎಂದು ತಿಳಿದಿದ್ದೆ. ಈಗ ತಿಳಿದಿರುವುದೂ ಅಷ್ಟಕ್ಕಷ್ಟೇ. ಹಿಂದಿನ ಎರಡು ಗಾಲಿಗಳನ್ನು ತಿರುಗಿಸುವ ಕಬ್ಬಿಣದ ಸರಳು ಅದು. ಮುಂದೆ ಎಂಥ ಬಲದ ಇಂಜಿನ್ ಕೂರಿಸಿದರೂ ಆ ಬಲವನ್ನೆಲ್ಲ ಕೊನೆಗೆ ತಡೆದುಕೊಳ್ಳಬೇಕಾದದ್ದು ಅದೇ.

ಅಕ್ಕ ಒಂದು ದಿನವೂ ಎದುರಾಡಲಿಲ್ಲ. ಗಿರಿಜಾ ದೊಡ್ಡವಳಾದಳು, ಮದುವೆಯಾಗಿ ಸಿರುಗುಪ್ಪದಲ್ಲಿ ಶಾಲೆಯ ಟೀಚರ್ ಆದಳು. ಅಕ್ಕನ ಕೂದಲು ಬೆಳ್ಳಗಾಯಿತು. ಏರು ಬಂದಾಗ ಇಳಿಯುವುದು ಮಾತ್ರ ನಿಲ್ಲಲಿಲ್ಲ. ಊರಿನವರು ಭಾವನನ್ನು ಕಂಡು ನಗುತ್ತಿದ್ದರು, ಹೆಂಡತಿಗಿಂತ ಕಾರೇ ಹೆಚ್ಚು ಎಂದು. ನಾನೂ ಒಳಗೊಳಗೇ ಹಾಗೇ ಅಂದುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಭಾವ ಮಲಗಿದಲ್ಲೇ ಹೋದರು. ಕಾರಿಗೆ ತಾಡಪತ್ರಿ ಹೊದಿಸಿದರು. ಅದು ಅಲ್ಲೇ ಮಣ್ಣಾಗುತ್ತದೆ ಎಂದುಕೊಂಡು ನಾನು ಮರೆತೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಬೆನ್ನ ಹಿಂದೆ ಲಾರಿಯಂಥ ಗುಡುಗು. ತಿರುಗಿದರೆ ಭಾವನ ಅಂಬಾಸಿಡರ್, ಮಿರಿಮಿರಿ ಮಿಂಚುತ್ತಾ ನಿಂತಿದೆ. ಒಂದು ಕ್ಷಣ ಭಾವನೇ ಬಂದರೆಂದುಕೊಂಡೆ. ಕಿಟಕಿಯಿಂದ ಹೊರಬಂದದ್ದು ಅಕ್ಕನ ತಲೆ.

"ಏನ್ ನೋಡ್ತಿಯೋ ವೀರೇಶಾ, ಬಾಗ್ಲು ಹಾಕ್ಕೊಂಡು ಹತ್ತು. ಕುರುಗೋಡಿಗೆ ಹೋಗಿ ಬಸವಣ್ಣಗ ಕಾಯಿ ಒಡಿಸ್ಕಂಡು ಬರಾದೈತಿ. ಹೊಸ ಇಂಜಿನ್ನಿನ ಪೂಜಿ."

ಅಕ್ಕ ಡ್ರೈವಿಂಗ್ ಕಲಿತದ್ದೇ ನನಗೆ ಗೊತ್ತಿರಲಿಲ್ಲ. ಹೊಸ ಇಂಜಿನ್ ಎಂದಾಗ ಕೈಯಲ್ಲಿದ್ದ ಬೀಗ ಬಿತ್ತು.

"ಯಾವ ಇಂಜಿನ್ ಅಕ್ಕಾ?"

"ದೊಡ್ಡ ಗಾಡಿದು. ಆಕ್ಸಿಡೆಂಟ್ ಆಗಿ ಸಿರುಗುಪ್ಪದಾಗ ಗುಜರಿಗೆ ಬಿದ್ದಿತ್ತು. ಮೆಕ್ಯಾನಿಕ್ ಖಾಜಾ ತಂದು ಕುಂದ್ರಿಸ್ಯಾನ. ಕಾಗದ-ಪತ್ರ ಎಲ್ಲಾ ನೆಟ್ಟಗ ಮಾಡ್ಸೀನಿ, ನೀ ಅಂಜಬ್ಯಾಡ. ಹಳೇದಕ್ಕಿಂತ ಎರಡು ಪಟ್ಟು ಬಲ ಐತಂತ."

"ಮತ್ತ ಹಿಂದಿನ ಆಕ್ಸಲ್?" ನನ್ನ ಬಾಯಿಂದ ತಾನಾಗಿ ಹೊರಬಂತು. ಬಾಲ್ಯದ ಪಾಠ.

"ಅದು ಹಳೇದೇ." ಅಕ್ಕ ನಕ್ಕಳು. "ಖಾಜಾನೂ ಅದನ್ನೇ ಅಂತಾನ, ಮುರೀತೈತಿ ಅಂತ. ಮುರದ್ರ ಮುರೀಲಿ ಬಿಡು. ಒಮ್ಮೆರ ಆ ಏರು ಕುಂತು ಏರ್ಬೇಕು ನಾನು."

ಆ ಮಾತನ್ನು ಅವಳು ನಗುತ್ತಲೇ ಹೇಳಿದಳು. ಆದರೆ ಸ್ಟೇರಿಂಗ್ ಹಿಡಿದ ಕೈಗಳು ನಗುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ನಾಗಮ್ಮ ಕೂತಿದ್ದಳು, ಭಾವನ ತಂಗಿ. ತೆಕ್ಕಲಕೋಟೆಯಲ್ಲಿ ಅಕ್ಕನ ಬೀದಿಯಲ್ಲೇ ಅವಳ ಮನೆ. ಇನ್ನೂ ಹುಡುಗಿಯಾಗಿದ್ದಾಗ, ಅಕ್ಕನ ಮದುವೆಯಾದ ಹೊಸತರಲ್ಲಿ, ಕೆಂಚನಗುಡ್ಡದ ಹೊಳೆಯ ಬಂಡೆಯ ಮೇಲೆ ಜಾರಿ ಬಿದ್ದು ಎಡಗೈ ಮುರಿದಿದ್ದಳೆಂದು ಮನೆಯಲ್ಲಿ ಹೇಳುತ್ತಿದ್ದರು. ಆ ಮೊಣಕೈ ಇಂದಿಗೂ ನೆಟ್ಟಗಾಗುವುದಿಲ್ಲ. ಆ ದಿನ ಅವಳು ಮುಖ ಗಂಟು ಹಾಕಿಕೊಂಡು, ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. "ಬ್ಯಾಡ ಅಂದ್ರ ಕೇಳವಲ್ಲಳಪ್ಪ ನಿಮ್ಮಕ್ಕ" ಎಂದಷ್ಟೇ ನನಗೆ ಹೇಳಿದಳು. ಪುಕ್ಕಲರ ಸಂಘಕ್ಕೆ ಇನ್ನೊಬ್ಬ ಸದಸ್ಯೆ ಸಿಕ್ಕಳೆಂದು ನನಗೆ ಸಮಾಧಾನವಾಯಿತು.

ಊರು ದಾಟಿದ ಮೇಲೆ ಅಕ್ಕ ಒಮ್ಮೆ ಕಾಲು ಒತ್ತಿದಳು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮುಂದಿದ್ದ ಭತ್ತದ ಲಾರಿ ಪಕ್ಕಕ್ಕೆ ಬಂತು, ಹಿಂದೆ ಹೋಯಿತು. ಲಾರಿಯ ಡ್ರೈವರು ಬಾಯಿ ತೆರೆದು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಭಾವನ ಕಾಲದಲ್ಲಿ ನಮ್ಮನ್ನು ಸೈಕಲ್ಲುಗಳು ದಾಟುತ್ತಿದ್ದವು. ನಾನು ಕಣ್ಣು ಮುಚ್ಚಿ ಕಿವಿಯನ್ನೆಲ್ಲ ಹಿಂದಿನ ಗಾಲಿಯ ಕಡೆಗಿಟ್ಟೆ. ಎಲ್ಲಿ ಕಟ್ ಎನ್ನುತ್ತದೋ, ಎಲ್ಲಿ ಗಾಲಿ ಕಳಚಿ ಹತ್ತಿಯ ಹೊಲಕ್ಕೆ ಹೋಗುತ್ತದೋ!

ಏನೂ ಆಗಲಿಲ್ಲ. ಕುರುಗೋಡಿನ ಏರು ಬಂತು.

ಅಕ್ಕ ಬುಡದಲ್ಲಿ ಕಾರು ನಿಲ್ಲಿಸಿದಳು, ಭಾವ ನಿಲ್ಲಿಸುತ್ತಿದ್ದ ಜಾಗದಲ್ಲೇ. ನನ್ನ ಕೈ ಅಭ್ಯಾಸಬಲದಿಂದ ಬಾಗಿಲಿನ ಹಿಡಿಗೆ ಹೋಯಿತು. "ಕುಂದ್ರು" ಎಂದಳು ಅಕ್ಕ. ಗೇರು ಹಾಕಿ ಒಂದೇ ಉಸಿರಿಗೆ ಕ್ಲಚ್ ಬಿಟ್ಟಳು. ಕಾರು ಸಿಟ್ಟಿಗೆದ್ದ ಎತ್ತಿನಂತೆ ಜಿಗಿಯಿತು. ಅರ್ಧ ಏರು ಹತ್ತಿದ್ದೆವು. ಅಷ್ಟರಲ್ಲಿ ನಮ್ಮ ಪಾದಗಳ ಕೆಳಗೇ ಬಾಂಬು ಹಾರಿದಂತೆ ಢಂ ಎಂದಿತು. ಅದರ ಹಿಂದೆಯೇ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಇಂಜಿನ್ ಸುಮ್ಮನೆ ಅರಚುತ್ತಿದೆ, ಕಾರು ಮುಂದಕ್ಕೆ ಹೋಗುತ್ತಿಲ್ಲ. ಒಂದು ಗೇಣು ಹಿಂದಕ್ಕೆ ಜಾರಿತು. ಅಕ್ಕ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಕಾರು ನಿಂತಿತು.

ನಾನು ಕೂಗಬೇಕೆಂದು ಬಾಯಿ ತೆರೆದೆ. ಆದರೆ ಕೂಗಿದ್ದು ನಾನಲ್ಲ.

"ಅಣ್ಣಾ! ಬ್ರೇಕ್ ಹಿಡಿಯಂಗಿಲ್ಲೋ ಅಣ್ಣಾ!"

ಹಿಂದಿನ ಬಾಗಿಲು ತೆರೆದು ನಾಗಮ್ಮ ಹೊರಗೆ ಹಾರಿದ್ದಳು. ಮೊಣಕಾಲು ನೋವೆಂದು ನನ್ನ ಅಂಗಡಿಯಿಂದ ತಿಂಗಳು ತಿಂಗಳು ಮುಲಾಮು ಒಯ್ಯುವ ಮುದುಕಿ, ರಸ್ತೆಯ ಪಕ್ಕದ ದೊಡ್ಡ ಕಲ್ಲೊಂದನ್ನು ಸೊಟ್ಟ ಕೈಯಿಂದಲೇ ಎದೆಗವಚಿಕೊಂಡು ಓಡಿ ಬಂದು ಹಿಂದಿನ ಗಾಲಿಗೆ ಒತ್ತಿದಳು. ಮತ್ತೊಂದು ತಂದು ಇನ್ನೊಂದು ಗಾಲಿಗೆ ಒತ್ತಿದಳು. ಆಮೇಲೆ ಅಲ್ಲೇ ಕುಸಿದು ಕೂತಳು. ನಾನೂ ಅಕ್ಕನೂ ಕಾರಿನ ಸದ್ದು ಮರೆತು ಅವಳನ್ನೇ ನೋಡಿದೆವು. ಅವಳ ಅಣ್ಣ ಸತ್ತು ವರ್ಷಗಳಾಗಿದ್ದವು. ಅವಳು ಕರೆದದ್ದು ಯಾರನ್ನು?

"ಏನಾತು ನಾಗವ್ವಾ? ಬ್ರೇಕ್ ಹಿಡದೈತಲ್ಲ?" ಅಕ್ಕ ಕೇಳಿದಳು.

"ಏನಿಲ್ಲ ಅತ್ತಿಗಿ. ಅಂಜಿಕಿ ಬಂತು, ಅಷ್ಟ."

ಅವಳು ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡಳು. ಅಕ್ಕ ಮೆಕ್ಯಾನಿಕ್ ಖಾಜಾನಿಗೆ ಫೋನು ಮಾಡಿದಳು. ಅವನು ಸಿರುಗುಪ್ಪದಿಂದ ಬೈಕಿನಲ್ಲಿ ಬರುವತನಕ ನಾವು ಮೂವರೂ ಜಾಲಿಯ ಗಿಡದ ಹರಕು ನೆರಳಿನಲ್ಲಿ ಕೂತೆವು. ಬಸವಣ್ಣನಿಗೆಂದು ತಂದ ಕಾಯಿ ಕಾರಿನೊಳಗೆ ಬುಟ್ಟಿಯಿಂದ ಉರುಳಿ ಹಿಂದಿನ ಸೀಟಿನ ಬುಡಕ್ಕೆ ಬಂದು ನಿಂತಿತ್ತು. ಎದುರಿನ ಗುಡ್ಡದ ಮೈಯಲ್ಲಿ ಕುರಿ ಕಾಯುವವನೊಬ್ಬ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ನಮ್ಮನ್ನೇ ನೋಡುತ್ತಿದ್ದ.

ಖಾಜಾ ಬಂದವನೇ, "ನಾ ಹೇಳಿದ್ನಿಲ್ಲಮ್ಮಾ? ಆಕ್ಸಲ್ ಹೋಗೇತಿ. ಹಂಡ್ರೆಡ್ ಪರ್ಸೆಂಟ್ ಆಕ್ಸಲ್!" ಎಂದು ಗೆದ್ದವನಂತೆ ಕಾರಿನ ಕೆಳಗೆ ತೂರಿದ. ಒಂದಷ್ಟು ಹೊತ್ತು ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಕೆರೆಯುವ ಸದ್ದು, ಒರೆಸುವ ಸದ್ದು. ಆಮೇಲೆ ಸದ್ದೇ ಇಲ್ಲ. ಕೊನೆಗೆ ಹೊರಬಂದ ಅವನ ಮುಖದಲ್ಲಿ ಗೆಲುವು ಇರಲಿಲ್ಲ. ಕೈಯಲ್ಲಿ ಈ ಪ್ಲಸ್ ಇತ್ತು.

"ಹೋಗಿದ್ದು ಇದಮ್ಮಾ. ಇಂಜಿನ್ನಿಂದ ಹಿಂದಕ್ಕ ಹೋಗೋ ಉದ್ದನ ಶಾಫ್ಟಿನ ಜಾಯಿಂಟು. ಆಕ್ಸಲ್‌ಗೆ ಏನೂ ಆಗಿಲ್ಲ." ಸ್ವಲ್ಪ ತಡೆದು ಹೇಳಿದ, "ಆಗಾದೂ ಇಲ್ಲ. ಅದು ಈ ಗಾಡಿ ಆಕ್ಸಲ್ಲೇ ಅಲ್ಲ."

"ಅಂದ್ರ?"

"ಯಾವ್ದೋ ಭಾರಿ ಗಾಡಿದು ತಂದು, ಕೊಯ್ದು, ಬೆಸುಗಿ ಹಾಕಿ ಕುಂದ್ರಿಸ್ಯಾರ. ಬಹಳ ಹಳೇ ಕೆಲಸ. ನಾ ಮುಂದಿನ ಕೆಲಸ ಅಷ್ಟ ಮಾಡಿದ್ನಲ್ಲ, ಹಿಂದ ಮಣ್ಣು ಗ್ರೀಸು ಮೆತ್ತಿತ್ತು, ನೋಡಿರ್ಲಿಲ್ಲ. ಈ ಇಂಜಿನ್ ಏನ್ರಿ, ಇಂಥವು ಎರಡು ಹಾಕಿದ್ರೂ ಅಲ್ಲಾಡಂಗಿಲ್ಲ ಅದು. ಇಡೀ ಊರು ಕುಂತು ಏರ್ಬೋದು."

ಅಕ್ಕನ ಮುಖದಿಂದ ರಕ್ತವೆಲ್ಲ ಇಳಿದುಹೋದಂತೆ ಕಂಡಿತು. ನಾನು ಬಿಪಿ ನೋಡಿ ನೋಡಿ ರೂಢಿಯಾದವನು, ಇವಳು ಬೀಳುತ್ತಾಳೆ ಎಂದುಕೊಂಡು ಹತ್ತಿರ ಹೋದೆ. ನನ್ನ ಕೈ ತಳ್ಳಿದಳು.

"ಹಂಗಾದ್ರ ನನ್ನ ಯಾಕ ಇಳಸ್ತಿದ್ರು?" ಎಂದಳು, ಯಾರಿಗೂ ಅಲ್ಲ, ರಸ್ತೆಗೆ. "ಗಟ್ಟಿ ಐತಿ ಅಂತ ಗೊತ್ತಿದ್ದೂ ಇಳಸ್ತಿದ್ರು?"

ನಾನೂ ದಂಗಾಗಿ ನಿಂತೆ. ಭಾವ ಜಿಪುಣ, ಹಟಮಾರಿ, ಕಾರಿನ ಹುಚ್ಚ ಎಂದೆಲ್ಲ ಅಂದುಕೊಂಡಿದ್ದೆ. ಆದರೆ ಕಾರಣವೇ ಇಲ್ಲದೆ ಹೆಂಡತಿಯನ್ನು ಜೀವಮಾನವಿಡೀ ಬಿಸಿಲಲ್ಲಿ ನಡೆಸಿದ ಮನುಷ್ಯ ಎಂದು ಎಣಿಸಿರಲಿಲ್ಲ.

"ನನಗೊತ್ತು," ಎಂದಳು ಅಕ್ಕ. "ಗಿರಿಜಾ ಹುಟ್ಟೋತನಕ ಕುಂದ್ರಿಸ್ತಿದ್ರು. ಬಾಣಂತನ ಮುಗಿಸ್ಕಂಡು ಬಂದೆ, ಇಳೀ ಅಂದ್ರು. ಹೆಣ್ಣು ಹಡದು ಬಂದ್ಲು ಅಂತ ಇಳಿಸಿದ್ರು. ಅವತ್ತೇ ತಿಳ್ಕಂಡೆ ನಾನು. ಆಕ್ಸಲ್ ಒಂದು ನೆವ ಅಷ್ಟ. ನಾನೂ ಕೇಳ್ಲಿಲ್ಲ. ಏನಂತ ಕೇಳ್ಲಿ?"

ಇದು ನನಗೆ ಜಾಯಿಂಟು ಮುರಿದ ಸದ್ದಿಗಿಂತ ದೊಡ್ಡ ಪೆಟ್ಟು. ಅವಳ ಪಕ್ಕದಲ್ಲೇ ಆ ಏರುಗಳನ್ನೆಲ್ಲ ಹತ್ತಿದ್ದೆ, ಮಿರ್ಚಿ ಮೆತ್ತಗಾಯಿತೆಂದು ಅಳುತ್ತಾ. ಪಕ್ಕದಲ್ಲಿ ನಡೆಯುವವಳ ಎದೆಯಲ್ಲಿ ಇಂಥದೊಂದು ಮಾತು ಕೂತಿತ್ತೆಂದು ಯಾರಿಗೆ ಗೊತ್ತು!

"ಅಲ್ಲ ಅತ್ತಿಗಿ!" ನಾಗಮ್ಮ ಎದ್ದು ನಿಂತಿದ್ದಳು. "ಹಂಗನಬ್ಯಾಡ. ನಮ್ಮಣ್ಣ ಹಂಗಲ್ಲ. ಆಣಿ ಹಾಕಿಸ್ಕಂಡಿದ್ದ ನನ್ನ ಕಡಿಂದ, ನಮ್ಮವ್ವನ ಮ್ಯಾಲೆ. ಆತನೂ ಇಲ್ಲ, ಅವ್ವನೂ ಇಲ್ಲ, ಇನ್ನ ಯಾಕ ಬಾಯಿ ಮುಚ್ಕೊಳ್ಳಲಿ?"

ಅವಳು ಹೇಳಿದ್ದು ಇಷ್ಟು. ಅಕ್ಕ ಚೊಚ್ಚಲ ಬಸುರಿಯಾಗಿ ಬಳ್ಳಾರಿಗೆ, ನಮ್ಮ ಮನೆಗೆ, ಬಂದಿದ್ದಾಗ, ಅವಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ತರಲೆಂದು ಅಣ್ಣ ತಂಗಿ ಇದೇ ಕಾರಿನಲ್ಲಿ ಹೊರಟಿದ್ದರು. ಕುರುಗೋಡಿನಲ್ಲಿ ಯಾರಿಗೋ ಕೊಡಬೇಕಾದ ಅಕ್ಕಿಯ ಮೂಟೆಗಳು ಹಿಂದೆ ಇದ್ದವು. ಇದೇ ಏರಿನಲ್ಲಿ ಆಕ್ಸಲ್ ಮುರಿದು, ಹಿಂದಿನ ಗಾಲಿಯೊಂದು ಸರಳಿನ ಸಮೇತ ಹೊರಬಂತು. ಅದರ ಜೊತೆ ಬ್ರೇಕೂ ಹೋಯಿತು.

"ಕಾರು ಹಿಂದಕ್ಕ ಓಡಾಕ ಹತ್ತಿತು ಅತ್ತಿಗಿ. ಬ್ರೇಕ್ ತುಳದ, ತುಳದ, ಹಿಡೀಲೇ ಇಲ್ಲ. ಇಳದು ಕಲ್ಲು ಇಡು ನಾಗೂ ಅಂತ ಒದರಿದ. ನಾ ಬಾಗ್ಲು ತಗದೆ, ಅಷ್ಟರಾಗ ಆ ತಗ್ಗಿನಾಗ ಬಿದ್ವಿ. ಬಾಗ್ಲಾಗ ನನ್ನ ಕೈ ಸಿಕ್ಕಂತು." ಅವಳು ಸೊಟ್ಟ ಮೊಣಕೈಯನ್ನು ತೋರಿಸಿದಳು. "ಹೊಳಿ ಬಂಡಿ ಮ್ಯಾಲೆ ಜಾರಿದ್ದಲ್ಲ ಇದು. ನನ್ನ ಎಳದು ಹೊರಗ ಹಾಕಿ, ರಸ್ತಿ ಮ್ಯಾಲೆ ಕುಂತು ಸಣ್ಣ ಹುಡುಗನಂಗ ಅತ್ತ. 'ಅಲ್ಲಿ ಆಕಿ ಕುಂತಿದ್ರ ಏನಾಗ್ತಿತ್ತು ನಾಗೂ, ಹೊಟ್ಯಾಗ ಕೂಸು ಇಟ್ಕಂಡು' ಅಂತ ಅದನ್ನೇ ಅಂದ, ಅದನ್ನೇ ಅಂದ. ಆಕಿಗೆ ಹೇಳಬ್ಯಾಡ, ಅಂಜಿ ಏನಾರ ಆದೀತು ಅಂತ ಆಣಿ ಹಾಕಿಸ್ಕಂಡ. ಗಾಡಿ ತಗೊಂಡು ಹೋಗಿ ಈ ಭಾರಿ ಆಕ್ಸಲ್ ಹಾಕಿಸಿದ, ಬಣ್ಣ ಹಚ್ಚಿಸಿದ."

"ಗಟ್ಟಿದು ಹಾಕಿಸಿದ ಮ್ಯಾಲೆ ಮತ್ತ್ಯಾಕ..." ಅಕ್ಕನ ಮಾತು ಮುಗಿಯಲಿಲ್ಲ.

"ನಂಬಿಕಿ ಬರ್ಲಿಲ್ಲ ಆತಗ. ನಾನೂ ಕೇಳಿದ್ದೆ. ಕಬ್ಬಿಣ ಮುರದದ್ದು ಕಣ್ಣಾರೆ ನೋಡೀನಿ, ಮುರದ್ರ ನಾನೊಬ್ನ ಇರ್ಲಿ ಅಂದ. ಕೂಸು ಹುಟ್ಟಿದ ಮ್ಯಾಲೆ, ಈಗಾರ ಅತ್ತಿಗಿಗೆ ಹೇಳೋ ಅಂದೆ. ಇನ್ನ ಹೇಳಿದ್ರ ನಗ್ತಾಳ, ಸುಮ್ನಿರು ಅಂದ."

ಖಾಜಾ ಪಾನಾ ಹಿಡಿದುಕೊಂಡು ನಿಂತವನು ನಿಂತೇ ಇದ್ದ. ಅಕ್ಕ ನಾಗಮ್ಮನ ಹತ್ತಿರ ಹೋಗಿ ಆ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು, ಅಷ್ಟು ವರ್ಷ ಜೊತೆಯಲ್ಲಿ ರೊಟ್ಟಿ ಬಡಿದ ಕೈಯನ್ನು ಈಗ ಮೊದಲ ಸಲ ಕಂಡವಳಂತೆ. ಇನ್ನೇನು ಅಳುತ್ತಾಳೆ ಎಂದು ನಾನು ಕಾದೆ. ಅಳಲಿಲ್ಲ. ಏರಿನ ನಡುವೆ ಹೋಗಿ ನಿಂತಳು.

ನನ್ನ ಅಕ್ಕ ಗಂಡನ ಹೆಸರನ್ನು ಮದುವೆಯಲ್ಲಿ ಒಗಟು ಕಟ್ಟಿ ಹೇಳಿದ್ದೇ ಕೊನೆ. ಆಫೀಸುಗಳಲ್ಲಿ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಿದ್ದವಳು, ಡಾಕ್ಟರು ಕೇಳಿದರೂ ನೆಲ ನೋಡುತ್ತಿದ್ದವಳು. ಅಂಥವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುಡ್ಡದ ಕಡೆ ಮುಖ ಎತ್ತಿ, ಹೊಟ್ಟೆಯಾಳದಿಂದ ಕೂಗಿದಳು:

"ಲೇ ಪಂಪಾಪತೀ! ಒಂದು ಮಾತು ಹೇಳಾಕ ಏನಾಗಿತ್ತಲೇ ನಿನಗ?"

ಖಾಜಾನ ಕೈಯಿಂದ ಪಾನಾ ಬಿತ್ತು. ನಾಗಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗಂತೂ ಅಂದು ಬೆಳಗಿನಿಂದ ಬಿದ್ದ ಪೆಟ್ಟುಗಳಲ್ಲಿ ಇದೇ ದೊಡ್ಡದು.

ಆಗ ಎದುರಿನ ಗುಡ್ಡದಿಂದ ಉತ್ತರ ಬಂತು.

"ಏನ್ರಬೇ ಯವ್ವಾ?"

ಕುರಿ ಕಾಯುವವನು ಎದ್ದು ನಿಂತಿದ್ದ, ಹಾಡು ನಿಲ್ಲಿಸಿದ್ದ. ನಮ್ಮ ಸೀಮೆಯಲ್ಲಿ ಪಂಪಾಪತಿ ಎಂದು ಕೂಗಿದರೆ ಯಾರಾದರೂ ಒಬ್ಬ ಓಗೊಡುತ್ತಾನೆಂಬುದು ಆ ಕ್ಷಣದಲ್ಲಿ ನಮಗಾರಿಗೂ ಹೊಳೆದಿರಲಿಲ್ಲ. ಅವನು ಇಳಿದು ಹತ್ತಿರ ಬಂದ. ಮೀಸೆ ಚಿಗುರಿ ಬಹಳ ದಿನವಾಗಿರದ ಪ್ರಾಯದವನು. "ನನ್ನ ಕರದ್ರೇನ್ರಿ?"

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನಲ್ಲಪ್ಪಾ. ಬೇರೆಯವ್ರನ್ನ. ಮದಿವಿ ಆಗೇತೇನು ನಿನಗ?"

"ಹೂನ್ರಿ, ಹೋದ ವರ್ಷ."

"ಹೆಂಡ್ತಿಗೆ ಎಲ್ಲಾ ಹೇಳ್ತಿಯೋ, ಏನಾರ ಮುಚ್ಚಿಟ್ಟಿಯೋ?"

ಅವನ ಬಣ್ಣ ಇಳಿಯಿತು. ಅಕ್ಕನನ್ನು, ನನ್ನನ್ನು, ಕಾರಿನ ಅಡಿಯಿಂದ ಎದ್ದು ಬಂದ ಖಾಜಾನ ಕಪ್ಪು ಕೈಗಳನ್ನು ಒಂದೊಂದಾಗಿ ನೋಡಿ ಮೆಲ್ಲಗೆ ಕೇಳಿದ:

"ನಿಮಗ ಯಾರು ಹೇಳಿದ್ರೀ?"

ಅಕ್ಕ ನಗಲು ಶುರುಮಾಡಿದಳು. ನಾಗಮ್ಮ ನಕ್ಕಳು, ಖಾಜಾ ನಕ್ಕ. ಪಾಪ, ಆ ಪಂಪಾಪತಿ ಏನು ಮುಚ್ಚಿಟ್ಟಿದ್ದನೋ, ಕುರಿಗಳ ಕಡೆಗೆ ತಿರುಗಿ ತಿರುಗಿ ನೋಡುತ್ತಾ ಹೋದ. "ಇವತ್ತು ಸಂಜಿಕೇ ಹೇಳಿಬಿಡೋ!" ಎಂದು ಅಕ್ಕ ಅವನ ಬೆನ್ನಿಗೆ ಕೂಗಿದಳು.

ಖಾಜಾ ಬೈಕಿನಲ್ಲಿ ಬಳ್ಳಾರಿಗೆ ಹೋಗಿ ಹೊಸ ಜಾಯಿಂಟು ತಂದು ಕೂರಿಸಿ, ಮುರಿದ ಹಳೆಯದನ್ನು ಒರೆಸಿ ನನ್ನ ಕೈಗೆ ಕೊಟ್ಟ. ಯಾಕೆ ನನಗೇ ಕೊಟ್ಟನೋ ತಿಳಿಯದು, ಬಹುಶಃ ಎಲ್ಲರಿಗಿಂತ ಹೆಚ್ಚು ಬೆವರಿದ್ದವನು ನಾನೇ. ಅಕ್ಕ ಮತ್ತೆ ಸ್ಟೇರಿಂಗಿನ ಮುಂದೆ ಕೂತಳು. ಈ ಸಲ ಕ್ಲಚ್ಚನ್ನು ಮೆಲ್ಲಗೆ, ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ ಬಿಟ್ಟಳು. ಕಾರು ಏರತೊಡಗಿತು. ಕಿಟಕಿಯ ಹೊರಗೆ ನಾನು ಹೆಜ್ಜೆ ಹೆಜ್ಜೆಗೂ ಬಲ್ಲ ಕಲ್ಲುಬಂಡೆಗಳು ಒಂದರ ಹಿಂದೊಂದು ಸರಿದು ಹೋದವು. ಅಕ್ಕ ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಅವಳು ಅತ್ತದ್ದು ಏರು ಮುಗಿದು ರಸ್ತೆ ಸಪಾಟಾದ ಮೇಲೆ, ಇನ್ನು ಗೇರು ಬದಲಿಸುವ ಕೆಲಸವಿಲ್ಲ ಎಂದಾದಾಗ.